ಶಾಲೆ ಮುಂದಿನ ರಸ್ತೆಯೇ ಶ್ರೀನಗರಕ್ಕೆ ಹೋಗುತ್ತದೆ

ಪ್ರಶ್ನೆ: ನಾನು, ನಮ್ಮ ಮನೆಯವರು ಇಬ್ಬರೂ ನಿವೃತ್ತರು. ಚಿಕ್ಕಬಳ್ಳಾಪುರದಲ್ಲಿ ಮನೆ. ಈ ಸಲ ದಸರಾ ರಜೆಯಲ್ಲಿ ನಮ್ಮ ಕಾರಿನಲ್ಲೇ ಶ್ರೀನಗರಕ್ಕೆ ಹೋಗಿಬರಬೇಕು ಅಂತಿದ್ದೇವೆ. ನನ್ನ ತಂಗಿ ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಹೈವೇ ಪಕ್ಕದಲ್ಲೇ ಇರುವ ಊರು. ಆರು ಮತ್ತು ಏಳನೇ ತರಗತಿಯ 34 ಮಕ್ಕಳಿಗೂ ಈ ಪ್ರವಾಸ ಕಾಣುವಂತೆ ಮಾಡು ಅನ್ನುವುದು ಅವಳ ಆಸೆ. ದಿನಾ ವಿಡಿಯೋ ಕಾಲ್ ಮಾಡಿದರೆ ಸಾಕಾ? ಫೋಟೊ ಎಷ್ಟು ಕಳಿಸಬೇಕು? ಮಕ್ಕಳು ಏನಾದರೂ ಕಲಿಯಬೇಕು, ಬೇಜಾರೂ ಆಗಬಾರದು. ಹೇಗೆ ಮಾಡಲಿ?
ಒಬ್ಬ ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಮೊದಲು ತಾರೀಕು ಬದಲಿಸಿ. ದಸರಾ ರಜೆಯಲ್ಲಿ ನೀವು ಹೊರಟರೆ ಮಕ್ಕಳು ಶಾಲೆಯಲ್ಲೇ ಇರುವುದಿಲ್ಲ ಅಲ್ವಾ! ನಿವೃತ್ತರಿಗೆ ರಜೆಯ ಹಂಗು ಯಾಕೆ? ರಾಜ್ಯೋತ್ಸವದ ಧ್ವಜಾರೋಹಣ ಮುಗಿಸಿ, ನವೆಂಬರ್ 2ರ ಸುಮಾರಿಗೆ ಹೊರಡಿ. ದೀಪಾವಳಿ ಯಾವಾಗ ಬರುತ್ತದೆ ಅಂತ ಮಾತ್ರ ನೋಡಿಕೊಳ್ಳಿ. ಮಳೆ ಕಳೆದಿರುತ್ತದೆ, ಬಿಸಿಲು ಹದವಾಗಿರುತ್ತದೆ. ನವೆಂಬರೇ ಆಗಬೇಕು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ, ನೆರಳಿನ ವಿಷಯ ಬಂದಾಗ ಹೇಳುತ್ತೇನೆ.

ಈಗ ನನ್ನ ಕಥೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ನಿವೃತ್ತನಾದ ಮೇಲೆ ಇದೇ ರಸ್ತೆಯಲ್ಲಿ ಆಗ್ರಾದವರೆಗೆ ಹೋದೆ. ನಮ್ಮ ಕಡೆಯ ಒಂದು ಶಾಲೆಯ ಮಕ್ಕಳಿಗೆ ದಿನಾ ತೋರಿಸುತ್ತೇನೆ ಅಂತ ದೊಡ್ಡದಾಗಿ ಒಪ್ಪಿಕೊಂಡಿದ್ದೆ. ವಿಡಿಯೋ ಕಾಲ್ ಮಾಡಿದೆ. ಇಪ್ಪತ್ತು ನಿಮಿಷದಲ್ಲಿ ಹದಿನೈದು ನಿಮಿಷ 'ಕೇಳಿಸ್ತಿದೆಯಾ ಸಾರ್', 'ಕೇಳಿಸ್ತಿಲ್ಲ ಸಾರ್' ಅನ್ನುವುದರಲ್ಲೇ ಹೋಯಿತು. ಚಂಬಲ್ ನದಿ ತೋರಿಸಬೇಕು ಅಂತ ಹೊರಟರೆ ಮಕ್ಕಳಿಗೆ ಕಂಡಿದ್ದು ನನ್ನ ಮೂಗು. ಫೋಟೊಗಳಂತೂ ಇನ್ನೂರರ ಮೇಲೆ ಕಳಿಸಿದ್ದೆ. ಅವು ಹೆಡ್ ಮಾಸ್ಟರ್ ಫೋನಿನಲ್ಲಿ ತುಂಬಿಕೊಂಡು, ಕೊನೆಗೆ ಜಾಗ ಸಾಲದೆ ಡಿಲೀಟ್ ಆದವು.

ವಾಪಸ್ ಬಂದು ಶಾಲೆಗೆ ಹೋದೆ. ತಾಜ್ ಮಹಲ್ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: 'ಸಾರ್, ಅಲ್ಲಿ ಡೇರಿಯವರು ಲೀಟರ್ ಹಾಲಿಗೆ ಎಷ್ಟು ಕೊಡ್ತಾರೆ?' ಅವರ ಮನೆಯಲ್ಲಿ ಎರಡು ಸೀಮೆಹಸು. ಬೆಳಗ್ಗೆ ಡೇರಿಗೆ ಹಾಲು ಹಾಕಿ ಶಾಲೆಗೆ ಬರುವ ಹುಡುಗಿ. ನನಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ. ದಾರಿಯುದ್ದಕ್ಕೂ ಹಾಲಿನ ಕ್ಯಾನು ಕಟ್ಟಿಕೊಂಡ ಬೈಕುಗಳು ನನ್ನ ಕಾರಿನ ಪಕ್ಕದಲ್ಲೇ ಹೋಗಿದ್ದವು.

ಅವತ್ತಿನಿಂದ ನಾನು ಎಲ್ಲರಿಗೂ ಒಂದೇ ಮಾತು ಹೇಳುವುದು. ನೀವು ನೋಡಿದ್ದನ್ನು ಮಕ್ಕಳಿಗೆ ತೋರಿಸಲು ಹೋಗಬೇಡಿ. ಮಕ್ಕಳು ಕೇಳಿದ್ದನ್ನು ನೀವು ಹೋಗಿ ನೋಡಿಕೊಂಡು ಬನ್ನಿ. ಯಜಮಾನಿಕೆ ಅವರದು, ನೀವು ಅವರ ಆಳು.

ಹಾಗಾಗಿ ಹೊರಡುವ ಎರಡು ವಾರ ಮೊದಲು ಶಾಲೆಗೆ ಹೋಗಿ. ಭಾಷಣ ಬೇಡ. ಮಕ್ಕಳನ್ನು ಹೈವೇ ಕಾಣುವ ಕಡೆ ಕರೆದುಕೊಂಡು ಹೋಗಿ ನಿಲ್ಲಿಸಿ. ಜೊತೆಗೆ ನಿಮ್ಮ ತಂಗಿ, ಇನ್ನೊಬ್ಬರು ಮೇಷ್ಟ್ರು ಇರಲಿ, ರಸ್ತೆಗೆ ಇಳಿಸಬೇಡಿ. ಈ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಒಂದು ಕಡೆ ಬೆಂಗಳೂರು, ಇನ್ನೊಂದು ಕಡೆ ಅನಂತಪುರ ಅನ್ನುತ್ತಾರೆ. ಜಾಸ್ತಿ ಅಂದರೆ ಹೈದರಾಬಾದು. ಇದು ರಾಷ್ಟ್ರೀಯ ಹೆದ್ದಾರಿ 44. ದೊಡ್ಡವರು ಇನ್ನೂ ಹಳೆ ಹೆಸರಲ್ಲಿ ಏಳನೇ ನಂಬರ್ ಹೈವೇ ಅನ್ನುತ್ತಾರೆ. ಶ್ರೀನಗರದಿಂದ ಕನ್ಯಾಕುಮಾರಿಗೆ ಸುಮಾರು 3,745 ಕಿ.ಮೀ., ದೇಶದ ಅತಿ ಉದ್ದದ ಹೆದ್ದಾರಿ. ತಮ್ಮೂರಿನ ಮುಂದೆ ಹೋಗುವ ಇದೇ ಡಾಂಬರು ಕಾಶ್ಮೀರಕ್ಕೆ ಹೋಗುತ್ತದೆ ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು ನೀವು.

ಆಮೇಲೆ ಒಂದು ಹಾಳೆ ಕೊಟ್ಟು ಪ್ರತಿಯೊಬ್ಬರಿಂದ ಒಂದೊಂದು ಪ್ರಶ್ನೆ ಬರೆಸಿಕೊಳ್ಳಿ. ಮೂವತ್ತನಾಲ್ಕು ಪ್ರಶ್ನೆ. ಹಾಲಿನ ರೇಟು, ಟೊಮೆಟೊ ರೇಟು, ಅಲ್ಲಿನ ಶಾಲೆಯಲ್ಲಿ ಮಧ್ಯಾಹ್ನ ಊಟಕ್ಕೆ ಏನು ಕೊಡುತ್ತಾರೆ, ರಾಗಿ ಮುದ್ದೆ ಎಲ್ಲಿಯವರೆಗೆ ಸಿಗುತ್ತದೆ, ಹೀಗೆ ಬರುತ್ತವೆ. ನಗುವಂಥವೂ ಇರುತ್ತವೆ. ಯಾವುದನ್ನೂ ತೆಗೆದು ಹಾಕಬೇಡಿ. ಆ ಹಾಳೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇರಲಿ. ಮುದ್ದೆಯ ಪ್ರಶ್ನೆ ಸುಮ್ನೆ ತಮಾಷೆ ಅಂದುಕೊಳ್ಳಬೇಡಿ. ಯಾವ ಊರಿನ ಹೋಟೆಲಿನಲ್ಲಿ ಮುದ್ದೆ ನಿಂತುಹೋಗುತ್ತದೆ, ಎಲ್ಲಿ ಜೋಳದ ರೊಟ್ಟಿ ಬರುತ್ತದೆ, ಎಲ್ಲಿಂದ ಬರೀ ಗೋಧಿ ಅಂತ ಬರೆದುಕೊಂಡರೆ ಅದೇ ಮಳೆ ಮತ್ತು ಮಣ್ಣಿನ ಪಾಠ.

ಶಾಲೆಯ ಜಗುಲಿ ಗೋಡೆಗೆ ಮೂರು ಮೀಟರ್ ಉದ್ದದ ದಾರ ಕಟ್ಟಿಸಿ. ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್. ಬಾಗೇಪಲ್ಲಿಯಿಂದ ಶ್ರೀನಗರ ಹತ್ತಿರ ಹತ್ತಿರ ಮೂರು ಸಾವಿರ ಕಿ.ಮೀ. ಆಗುವುದರಿಂದ ಲೆಕ್ಕ ಸರಿಹೋಗುತ್ತದೆ. ದಿನಾ ಸಂಜೆ ಕಾರಿನ ಮೀಟರಿನ ಫೋಟೊ ಕಳಿಸಿ. ಮರುದಿನ ಬೆಳಗ್ಗೆ ಒಬ್ಬರು ಹಿಂದಿನ ಅಂಕಿಯಿಂದ ಕಳೆದು ದಾರದ ಮೇಲೆ ಒಂದು ಬಿಂದಿ ಅಂಟಿಸಲಿ. ಇದೇ ಅಳತೆಯಲ್ಲಿ ಬಾಗೇಪಲ್ಲಿಯಿಂದ ಬೆಂಗಳೂರು ಹತ್ತು ಸೆಂಟಿಮೀಟರು, ಒಂದು ಗೇಣೂ ಇಲ್ಲ. ದೂರ ಅಂದರೆ ಏನು ಅಂತ ಮಕ್ಕಳಿಗೆ ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ವಿಡಿಯೋ ಕಾಲ್ ಬೇಡ. ಮಾಡಲೇಬೇಕು ಅನ್ನಿಸಿದರೆ ಇಡೀ ಪ್ರವಾಸಕ್ಕೆ ಒಂದು ಅಥವಾ ಎರಡು, ಅದೂ ಲಾಡ್ಜಿನ ವೈಫೈ ಇರುವಾಗ. ದಿನಾ ಕಳಿಸಬೇಕಾದ್ದು ವಾಟ್ಸಾಪ್‌ನಲ್ಲಿ ಒಂದೂವರೆ ನಿಮಿಷದ ಒಂದು ಧ್ವನಿ ಸಂದೇಶ, ಒಂದೇ ಒಂದು ಫೋಟೊ, ಒಂದು ಅಂಕಿ. ಅಷ್ಟೇ. ಧ್ವನಿ ಸಂದೇಶ ನೆಟ್‌ವರ್ಕ್ ಇಲ್ಲದ ಕಡೆ ರೆಕಾರ್ಡ್ ಮಾಡಿಟ್ಟುಕೊಂಡು, ಸಿಕ್ಕಾಗ ಕಳಿಸಬಹುದು. ತಂಗಿಯವರು ಸಣ್ಣ ಸ್ಪೀಕರ್ ಇಟ್ಟರೆ ಕೊನೆ ಸಾಲಿಗೂ ಕೇಳುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಮಕ್ಕಳು ಮೊದಲು ಕೇಳಿಸಿಕೊಂಡು ಚಿತ್ರ ಬಿಡಿಸಲಿ. ಆಮೇಲೆ ನಿಮ್ಮ ಫೋಟೊ ತೋರಿಸಲಿ. ತಾವು ಬಿಡಿಸಿದ್ದಕ್ಕೂ ಫೋಟೊಗೂ ಹೋಲಿಸುವಾಗ ಎಷ್ಟು ಗಲಾಟೆ ಮಾಡುತ್ತಾರೆ ನೋಡಿ. ಫೋಟೊ ಮೊದಲೇ ತೋರಿಸಿದರೆ 'ಚೆನ್ನಾಗಿದೆ ಮಿಸ್' ಅಂದು ಮುಗಿಸುತ್ತಾರೆ.

ಸಂದೇಶದಲ್ಲಿ ಏನು ಹೇಳಬೇಕು? ಹೆಸರು, ಇಸವಿ ಸುರಿಯಬೇಡಿ. ಅದು ಪುಸ್ತಕದಲ್ಲಿ ಇದೆ. ಒಂದು ದಿನಕ್ಕೆ ಒಂದು ವಿಷಯ.

ಉದಾಹರಣೆಗೆ ನದಿಗಳು. ಈ ರಸ್ತೆಯಲ್ಲಿ ನನಗೆ ತುಂಬಾ ಇಷ್ಟವಾದ ಆಟ ಇದು. ನೀವು ಹೋಗುವುದು ಉತ್ತರಕ್ಕೆ. ಹಾಗಾದರೆ ಬಲಗಡೆ ಪೂರ್ವ, ಎಡಗಡೆ ಪಶ್ಚಿಮ. ಪ್ರತಿ ದೊಡ್ಡ ಸೇತುವೆಯಲ್ಲಿ ನೀರು ಬಲಕ್ಕೆ ಹರಿಯುತ್ತಿದೆಯೋ ಎಡಕ್ಕೋ ಅಂತ ಮಾತ್ರ ಹೇಳಿ. ಕಾರು ಸೇತುವೆ ಮೇಲೆ ನಿಲ್ಲಿಸಬೇಡಿ. ಓಡಿಸದೆ ಕೂತವರು ನೋಡಲಿ.

ಶುರು ಮಾಡುವುದು ಬಾಗೇಪಲ್ಲಿಯ ಚಿತ್ರಾವತಿಯಿಂದಲೇ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹೋಗುವ ಉತ್ತರ ಪಿನಾಕಿನಿ ಅನಂತಪುರ ದಾಟಿದ ಮೇಲೆ ಪಾಮಿಡಿಯಲ್ಲಿ ಪೆನ್ನಾ ಅನ್ನುವ ಹೆಸರಲ್ಲಿ ಮತ್ತೆ ಸಿಗುತ್ತದೆ. ನಮ್ಮೂರಿನ ಹುಡುಗಿ ಮದುವೆಯಾಗಿ ಹೆಸರು ಬದಲಿಸಿಕೊಂಡ ಹಾಗೆ. ಚಿತ್ರಾವತಿಯೂ ಪುಟ್ಟಪರ್ತಿ ಮೇಲೆ ಹೋಗಿ ಕೊನೆಗೆ ಇದನ್ನೇ ಸೇರುತ್ತದೆ. ಕರ್ನೂಲಿನಲ್ಲಿ ತುಂಗಭದ್ರಾ, ಬೀಚುಪಲ್ಲಿಯಲ್ಲಿ ಕೃಷ್ಣಾ, ನಿರ್ಮಲ್ ಹತ್ತಿರ ಗೋದಾವರಿ, ತೆಲಂಗಾಣ ಮುಗಿಯುವಲ್ಲಿ ಪೈನ್‌ಗಂಗಾ, ಎಲ್ಲವೂ ಬಲಕ್ಕೆ. ಮಕ್ಕಳಿಗೆ ಆಗಲೇ 'ಎಲ್ಲಾ ನದಿಯೂ ಬಲಕ್ಕೇ ಹೋಗುತ್ತದೆ' ಅಂತ ನಿಯಮ ಮಾಡಿಕೊಳ್ಳುವ ಆಸೆ ಹುಟ್ಟಿರುತ್ತದೆ. ಮಾಡಿಕೊಳ್ಳಲಿ ಬಿಡಿ. ಮಧ್ಯಪ್ರದೇಶದ ನರಸಿಂಗಪುರ ದಾಟಿ ಬರ್ಮಾನ್ ಹತ್ತಿರ ನರ್ಮದಾ ಸಿಗುತ್ತದೆ. ಅದು ಎಡಕ್ಕೆ! ಅವತ್ತು ಸಂದೇಶದಲ್ಲಿ ಕಾರಣ ಹೇಳಬೇಡಿ. 'ಇವತ್ತಿನ ನದಿ ಎಡಕ್ಕೆ ಹೋಗುತ್ತಿದೆ, ಯಾಕೆ ಅಂತ ನೀವೇ ನಕ್ಷೆ ನೋಡಿ ಹೇಳಿ' ಅಂತ ಬಿಡಿ.

ಮುಂದೆ ಚಂಬಲ್ ಮತ್ತೆ ಬಲಕ್ಕೆ. ಪಂಜಾಬಿನ ಲೂಧಿಯಾನ ದಾಟಿದೊಡನೆ ಸಟ್ಲೆಜ್ ಎಡಕ್ಕೆ. ಆಮೇಲೆ ಬಿಯಾಸ್, ರಾವಿ, ಜಮ್ಮುವಿನ ತವಿ, ರಾಂಬನ್‌ನ ಚಿನಾಬ್, ಎಲ್ಲಾ ಎಡಕ್ಕೆ. ಅಂದರೆ ಚಂಬಲ್‌ಗೂ ಸಟ್ಲೆಜಿಗೂ ನಡುವೆ ಎಲ್ಲೋ ನೆಲ ತನ್ನ ಇಳಿಜಾರು ಬದಲಿಸಿದೆ. ಒಂದು ಕಡೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ. ಕಾರಿನಲ್ಲಿ ಕೂತವರಿಗೆ ಅಲ್ಲಿ ಒಂದು ದಿಬ್ಬವೂ ಕಾಣುವುದಿಲ್ಲ, ಚಪ್ಪಟೆ ಗದ್ದೆ. ಬಲ, ಎಡ ಅಂತ ಬರೆದುಕೊಂಡ ಮಕ್ಕಳಿಗೆ ಮಾತ್ರ ಅದು ಕಾಣುತ್ತದೆ.

ಎರಡನೆಯದು ನೆರಳು. ಒಂದು ಮೀಟರಿನ ನೆಟ್ಟನೆ ಕೋಲು ಎರಡು ಮಾಡಿಸಿ. ಒಂದು ಶಾಲೆಗೆ, ಒಂದು ಕಾರಿಗೆ. ನಾಗಪುರ ಮತ್ತು ದೆಹಲಿ, ಈ ಎರಡು ಕಡೆ ಸಾಕು. ಒಂದೇ ದಿನ, ಬೆಳಗ್ಗೆ 11.45ರಿಂದ 12.20ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳು ಅಳೆಯಿರಿ. ಮಕ್ಕಳೂ ಅಂಗಳದಲ್ಲಿ ಅಳೆಯಲಿ. ಎಲ್ಲಕ್ಕಿಂತ ಗಿಡ್ಡ ನೆರಳು ಯಾವುದೋ ಅದೇ ಲೆಕ್ಕಕ್ಕೆ. ನವೆಂಬರ್ ಯಾಕೆ ಅಂದಿದ್ದು ಇದಕ್ಕೇ. ಆ ತಿಂಗಳು ಈ ದಾರಿಯಲ್ಲಿ ಸೂರ್ಯ ಆ ದಿನದ ಅತಿ ಎತ್ತರಕ್ಕೆ ಬರುವುದು ಹೆಚ್ಚು ಕಡಿಮೆ ಗಡಿಯಾರದ ಹನ್ನೆರಡಕ್ಕೇ. ರಸ್ತೆ ಉತ್ತರಕ್ಕೇ ಹೋಗುವುದರಿಂದ ನಿಮಗೂ ಮಕ್ಕಳಿಗೂ ನಡುಹಗಲು ಒಟ್ಟಿಗೇ ಆಗುತ್ತದೆ, ನಾಲ್ಕೈದು ನಿಮಿಷ ಆಚೆ ಈಚೆ.

ನವೆಂಬರ್ 5ರ ಸುಮಾರಿಗೆ ಬಾಗೇಪಲ್ಲಿಯಲ್ಲಿ ನೆರಳು 57 ಸೆಂ.ಮೀ. ಆಸುಪಾಸು ಬರುತ್ತದೆ. ನಾಗಪುರದಲ್ಲಿ 75. ಇದನ್ನು ಪುಸ್ತಕದಲ್ಲಿ ಹತ್ತನೇ ಒಂದು ಅಳತೆಗೆ ಬಿಡಿಸಲಿ. ಹತ್ತು ಸೆಂಟಿಮೀಟರ್ ಕೋಲು, ಬುಡದಲ್ಲಿ 5.7 ಸೆಂಟಿಮೀಟರ್ ನೆರಳು, ಎರಡರ ತುದಿ ಸೇರಿಸುವ ಗೆರೆ. ಕೋಲಿನ ತುದಿಯಲ್ಲಿ ಆಗುವ ಕೋನವನ್ನು ಕೋನಮಾಪಕದಲ್ಲಿ ಅಳೆಯಲಿ. ನಾಗಪುರಕ್ಕೂ ಹಾಗೇ. ಎರಡು ಕೋನಕ್ಕೂ ವ್ಯತ್ಯಾಸ ಏಳು ಡಿಗ್ರಿ ಚಿಲ್ಲರೆ. ಒಂದು ಡಿಗ್ರಿಗೆ 111 ಕಿ.ಮೀ. ಲೆಕ್ಕ ಹಾಕಿದರೆ 800ರ ಹತ್ತಿರ. ಆದರೆ ಕಾರಿನ ಮೀಟರು ಸಾವಿರದ ಹತ್ತಿರ ತೋರಿಸುತ್ತಿರುತ್ತದೆ. ಯಾರದು ತಪ್ಪು, ಕೋಲಿನದೋ ಕಾರಿನದೋ? ಎರಡೂ ಸರಿ. ರಸ್ತೆ ಬಳುಕುತ್ತದೆ, ಸ್ವಲ್ಪ ಪೂರ್ವಕ್ಕೂ ಸರಿಯುತ್ತದೆ. ಕೋಲು ಹೇಳುವುದು ಉತ್ತರಕ್ಕೆ ಎಷ್ಟು ಹೋದಿರಿ ಅಂತ ಮಾತ್ರ. ಈ ಜಗಳ ಮಕ್ಕಳೇ ಬಗೆಹರಿಸಲಿ, ತಂಗಿಯವರು ಎರಡು ದಿನ ಬಾಯಿ ಬಿಡಬಾರದು. ದೆಹಲಿಗೆ ಹೋದಾಗ ಇನ್ನೊಂದು ಮಜಾ. ಅಲ್ಲಿ ಹನ್ನೆರಡು ಗಂಟೆಗೂ ನೆರಳು ಕೋಲಿಗಿಂತ ಉದ್ದ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನೆರಳೇ ಇಲ್ಲದ ಮಧ್ಯಾಹ್ನ ನಮ್ಮ ಬಾಗೇಪಲ್ಲಿಯಲ್ಲಿ ಬರುತ್ತದೆ. ದೆಹಲಿಯಲ್ಲಿ ವರ್ಷದ ಯಾವ ದಿನವೂ ಬರುವುದಿಲ್ಲ. ನರಸಿಂಗಪುರಕ್ಕೂ ಮಧ್ಯಪ್ರದೇಶದ ಸಾಗರ ಪಟ್ಟಣಕ್ಕೂ ನಡುವೆ ನೀವು ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿರುತ್ತೀರಲ್ಲ, ಅದರ ಉತ್ತರಕ್ಕೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ಅದೇ ಕಾರಣ. ದೆಹಲಿಯಲ್ಲಿ ನವೆಂಬರಿನ ಹೊಗೆಯಿಂದ ನೆರಳು ಮಸುಕಾಗಿದ್ದರೆ ಅದನ್ನೂ ಹೇಳಿ, ಅದೂ ಒಂದು ಪಾಠ. ಆಮೇಲೆ ಅಲ್ಲಿ ಜಾಸ್ತಿ ನಿಲ್ಲಬೇಡಿ, ನಿಮ್ಮ ವಯಸ್ಸಿಗೆ ಒಳ್ಳೆಯದಲ್ಲ.

ಹೀಗೆ ಭೂಮಿಯನ್ನು ಅಳೆಯುತ್ತಾ ನಮ್ಮ ಕಡೆಯಿಂದ ಇದೇ ದಿಕ್ಕಿಗೆ ಹೋದವರು ಇದ್ದಾರೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಮೊದಲ ಗೆರೆ ಅಳೆದ. 1802ರಲ್ಲಿ ಮದ್ರಾಸಿನಿಂದ ದೇಶದ ದೊಡ್ಡ ಮೋಜಣಿ ಶುರು ಮಾಡಿದ. ತ್ರಿಕೋನದ ಮೇಲೆ ತ್ರಿಕೋನ ಜೋಡಿಸುತ್ತಾ ಉತ್ತರಕ್ಕೆ ಹೋಗಿ, 1823ರಲ್ಲಿ ಕೆಲಸದ ನಡುವೆಯೇ ಹಿಂಗಣಘಾಟ್‌ನಲ್ಲಿ ತೀರಿಕೊಂಡ. ನಾಗಪುರ ಇನ್ನೂ ಸ್ವಲ್ಪ ದೂರ ಇರುವಾಗ ಸಿಗುವ ಊರು ಅದು. ಸಮಾಧಿ ಅಲ್ಲೇ ಇದೆ. ನಾಗಪುರದಲ್ಲಿ ಅದೇ ಮೋಜಣಿಯ ಗುರುತಾಗಿ 1907ರ ಝೀರೋ ಮೈಲ್ ಕಲ್ಲು ಇದೆ. ಈ ಕಥೆ ನೆರಳು ಅಳೆದ ಮೇಲೆ ಹೇಳಿ, ಮೊದಲೇ ಬೇಡ. ತಾವೂ ಅಳೆದವರು ಅನ್ನುವ ಹೆಮ್ಮೆಯಲ್ಲಿ ಕೇಳಲಿ.

ಮೂರನೆಯದು ಅಂಚೆ ಕಾರ್ಡು. ಹಳೇ ಕಾಲದ್ದು ಅನ್ನಿಸಬಹುದು. ಆದರೆ ಫೋನಿಗೆ ಬಂದ ಫೋಟೊ ತಂಗಿಯವರದು, ಹೆಸರು ಬರೆದು ಬಂದ ಕಾರ್ಡು ಮಗುವಿನದು. ಎಷ್ಟೋ ಮಕ್ಕಳಿಗೆ ಪೋಸ್ಟ್‌ಮ್ಯಾನ್ ತನ್ನ ಹೆಸರು ಕೂಗಿದ್ದು ಅದೇ ಮೊದಲ ಸಲ ಆಗಿರುತ್ತದೆ. 34 ಕಾರ್ಡು ಇಲ್ಲೇ ಕೊಂಡು ವಿಳಾಸ ಬರೆದಿಟ್ಟುಕೊಳ್ಳಿ. ಆ ಮಗು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕ ಊರಿನಿಂದಲೇ ಹಾಕಿ, ಆ ಊರಿನ ಪಿನ್‌ಕೋಡ್ ಮೂಲೆಯಲ್ಲಿ ಬರೆಯಿರಿ. ಪಿನ್‌ಕೋಡಿನ ಮೊದಲ ಅಂಕಿ ಗಮನಿಸಲು ಮಕ್ಕಳಿಗೆ ಹೇಳಿ. ನಮ್ಮದು 5. ಆಂಧ್ರ, ತೆಲಂಗಾಣವೂ 5. ಮಹಾರಾಷ್ಟ್ರ, ಮಧ್ಯಪ್ರದೇಶ 4. ಆಮೇಲೆ ಲಲಿತಪುರ, ಝಾನ್ಸಿಯಲ್ಲಿ 2. ಗ್ವಾಲಿಯರಿನಲ್ಲಿ ಮತ್ತೆ 4! ಧೋಲಪುರದಲ್ಲಿ 3, ಆಗ್ರಾದಲ್ಲಿ ತಿರುಗಿ 2, ಹರಿಯಾಣದಿಂದ ಮೇಲೆ ಎಲ್ಲಾ 1. ಈ ಹಿಂದೆ ಮುಂದೆ ಯಾಕಾಯಿತು ಅಂತ ರಾಜ್ಯಗಳ ನಕ್ಷೆ ನೋಡಿದರೆ ತಿಳಿಯುತ್ತದೆ. ಉತ್ತರ ಪ್ರದೇಶ ಅಲ್ಲಿ ಮಧ್ಯಪ್ರದೇಶದೊಳಗೆ ನಾಲಿಗೆ ಚಾಚಿಕೊಂಡಿದೆ.

ತಂಗಿಯವರಿಗೆ ಒಂದು ಮಾತು. ಬಾಗೇಪಲ್ಲಿ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ತರಗತಿಯಲ್ಲಿ ಕನ್ನಡಕ್ಕೆ ತಡವರಿಸುವವರು ಸುಮ್ಮನೆ ಕೂತಿರುತ್ತಾರೆ. ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದ ಮೇಲೆ ಆದಿಲಾಬಾದಿನವರೆಗೆ ದಾರಿ ಪೂರ್ತಿ ತೆಲುಗು. ಆ ಎರಡು ಮೂರು ದಿನದ ಸಂದೇಶದಲ್ಲಿ ಅಲ್ಲಿಯ ರೈತರೋ ಟೀ ಅಂಗಡಿಯವರೋ ಆಡಿದ ಮಾತು, ಅವರನ್ನು ಕೇಳಿಕೊಂಡು, ರೆಕಾರ್ಡ್ ಮಾಡಿ ಕಳಿಸಿ. ಅದನ್ನು ಕನ್ನಡಕ್ಕೆ ಮಾಡಿ ಹೇಳುವ ಕೆಲಸ ಆ ಮಕ್ಕಳಿಗೆ ಬಿಡಿ. ನಾನು ನೋಡಿದ್ದೇನೆ, ವರ್ಷವೆಲ್ಲಾ ಬಾಯಿ ಬಿಡದ ಹುಡುಗ ಅವತ್ತು ಇಡೀ ತರಗತಿಗೆ ಮೇಷ್ಟ್ರಾಗಿದ್ದ.

ಮಣ್ಣು ತರುವುದಾದರೆ ಹೊಲದವರನ್ನು ಕೇಳಿ ಒಂದೊಂದು ಹಿಡಿ. ಬಾಗೇಪಲ್ಲಿಯ ಕೆಂಪು, ಹಿಂಗಣಘಾಟ್ ಕಡೆಯ ಎರೆಮಣ್ಣು, ಧೋಲಪುರದ ಹತ್ತಿರದ ಕೊರಕಲಿನ ಮಣ್ಣು, ಪಂಜಾಬಿನದು. ನಾಲ್ಕು ಬಾಟಲಿ ಸಾಕು.

ನಾಗಪುರದಿಂದ ಸಿವನಿಗೆ ಹೋಗುವಾಗ ಪೆಂಚ್ ಕಾಡು. ಅಲ್ಲಿ ರಸ್ತೆಯನ್ನೇ ಕಂಬದ ಮೇಲೆ ಎತ್ತಿದ್ದಾರೆ, ಕೆಳಗೆ ಪ್ರಾಣಿಗಳು ದಾಟಲಿ ಅಂತ. ಹುಲಿ ದಾಟಿದ್ದು ಕ್ಯಾಮೆರಾದಲ್ಲಿ ಸಿಕ್ಕಿದೆ. 'ನಿಮ್ಮೂರ ಹೈವೇಯನ್ನು ನಾಯಿ, ದನ ಎಲ್ಲಿ ದಾಟುತ್ತವೆ ಎಣಿಸಿ' ಅಂತ ಅವತ್ತು ಮಕ್ಕಳಿಗೆ ಕೆಲಸ ಕೊಡಿ. ದೂರದಿಂದ ನಿಂತು ಎಣಿಸಲಿ.

ಎಚ್ಚರಿಕೆಗಳು ಬೇಗ ಹೇಳಿ ಮುಗಿಸುತ್ತೇನೆ. ಓಡಿಸುವವರು ಫೋನ್ ಮುಟ್ಟಬಾರದು. ದಿನಕ್ಕೆ 350 ಕಿ.ಮೀ. ದಾಟಬೇಡಿ, ಕತ್ತಲಾದ ಮೇಲೆ ಓಡಿಸಬೇಡಿ. ಮಕ್ಕಳ ಫೋಟೊ, ಹೆಸರು ಹೊರಗಿನ ಗ್ರೂಪಿಗೆ ಹೋಗಬಾರದು. ನೀವು ಎಲ್ಲಿದ್ದೀರಿ ಅನ್ನುವುದು ಮರುದಿನ ಗೊತ್ತಾದರೆ ಸಾಕು. ಮುಖ್ಯ ಶಿಕ್ಷಕರಿಗೂ ಶಾಲಾಭಿವೃದ್ಧಿ ಸಮಿತಿಯವರಿಗೂ (ಎಸ್‌ಡಿಎಂಸಿ) ಮೊದಲೇ ಹೇಳಿಡಿ. ಜಮ್ಮು ಕಾಶ್ಮೀರದಲ್ಲಿ ಹೊರಗಿನ ಪ್ರೀಪೇಯ್ಡ್ ಸಿಮ್ ತೊಂದರೆ ಕೊಡುತ್ತದೆ, ಒಂದಾದರೂ ಪೋಸ್ಟ್‌ಪೇಯ್ಡ್ ಇರಲಿ, ಕಂಪನಿಯವರನ್ನು ಹೊರಡುವ ಮೊದಲೇ ವಿಚಾರಿಸಿ. ಅಲ್ಲಿ ಸೇನೆಯ ವಾಹನ, ಸೇತುವೆಗಳ ಫೋಟೊ ತೆಗೆಯಬೇಡಿ. ಒಂದು ದಿನ ಸಂದೇಶ ಬರದಿದ್ದರೆ ಗಾಬರಿ ಬೇಡ ಅಂತ ಮಕ್ಕಳಿಗೂ ಹೇಳಿರಿ. ಆ ದಿನಕ್ಕೆ ನೀವು ಬಿಟ್ಟುಹೋದ ಒಂದು ಮುಚ್ಚಿದ ಲಕೋಟೆ ತಂಗಿಯವರ ಹತ್ತಿರ ಇದ್ದರೆ ಒಳ್ಳೆಯದು.

ಕೊನೆಯ ಹಂತದಲ್ಲಿ ಸುರಂಗಗಳು ಬರುತ್ತವೆ. ಚೆನಾನಿ-ನಾಶ್ರಿ ಸುಮಾರು 9 ಕಿ.ಮೀ., ಬನಿಹಾಲ್-ಕಾಜಿಗುಂಡ್ ಸುಮಾರು 8.5 ಕಿ.ಮೀ. ಒಳಗೆ ಹೋದಾಗ ಬರುವಾಗ ಗಂಟೆ ನೋಡಿಕೊಂಡು ಮಕ್ಕಳಿಗೆ ನಿಮಿಷ ಮಾತ್ರ ಹೇಳಿ, ವೇಗ ಅವರು ಹೇಳಲಿ. ಶ್ರೀನಗರಕ್ಕೆ ಸ್ವಲ್ಪ ಮೊದಲು ಪಾಂಪೋರ್, ಕೇಸರಿಯ ಹೊಲಗಳು ರಸ್ತೆ ಪಕ್ಕದಲ್ಲೇ. ನವೆಂಬರ್ ಎರಡನೇ ವಾರದೊಳಗೆ ತಲುಪಿದರೆ ಕೊನೆಯ ಹೂ ಸಿಕ್ಕರೂ ಸಿಗಬಹುದು. ಒಂದು ಹೂವಿಗೆ ಮೂರೇ ಕೆಂಪು ಎಳೆ. ಒಂದು ಕಿಲೋ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂ ಬೇಕು. ನಮ್ಮ ಕಡೆ ಬೆಳಗಿನ ಜಾವ ಎದ್ದು ಸೇವಂತಿಗೆ, ಕನಕಾಂಬರ ಕಿತ್ತು ಶಾಲೆಗೆ ಬರುವ ಮಕ್ಕಳಿದ್ದಾರೆ. ಅವರಿಗೆ ಈ ಅಂಕಿ ಹೇಳಿದರೆ ಬೆರಳು ನೋಡಿಕೊಳ್ಳುತ್ತಾರೆ. ಅಲ್ಲಿ ಹೂ ಕೀಳುವವರಿಗೆ ದಿನಗೂಲಿ ಎಷ್ಟು ಅಂತ ತಪ್ಪದೆ ಕೇಳಿ. ಇಲ್ಲಿಂದ ಆ ಪ್ರಶ್ನೆ ಬಂದೇ ಬರುತ್ತದೆ.

ಇನ್ನೊಂದು, ಮರೆಯುವ ಮೊದಲು. ಹೊರಡುವ ದಿನದ ಮೀಟರಿನ ಫೋಟೊವನ್ನು ಚಿಕ್ಕಬಳ್ಳಾಪುರದ ಮನೆ ಮುಂದೆ ತೆಗೆಯಬೇಡಿ. ಶಾಲೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, ಅಂಕಿಯನ್ನು ಒಂದು ಮಗುವಿನ ಕೈಲಿ ಓದಿಸಿ, ಇನ್ನೊಂದು ಮಗುವಿನ ಕೈಲಿ ಬೋರ್ಡಿನ ಮೇಲೆ ಬರೆಸಿ, ಆಮೇಲೆ ಹೊರಡಿ.